ಅಜ್ಜಿ ಮುಂಗಡವಾಗಿ ಹೇಳಿದ ಸ್ತೋತ್ರ

ಇನ್ನೂ ಮುಖ ತೋರಿಸದ ನನ್ನ ಕಂದಾ,

ನಿನ್ನ ಅಮ್ಮ ಒಳಗೆ ವಾರ್ಡಿನಲ್ಲಿ ಎಡಮಗ್ಗುಲಾಗಿ ಮಲಗಿದ್ದಾಳೆ. ನಾನು ಹೊರಗೆ ಬೆಂಚಿನ ಮೇಲೆ ಕೂತಿದ್ದೇನೆ. ಬೆಳಿಗ್ಗೆ ಅವಳು, "ರೀ, ಯಾಕೋ ಮಗು ಮಿಸುಕಾಡ್ತಿಲ್ಲ" ಎಂದಾಗ ಸಿಕ್ಕ ಆಟೋ ಹಿಡಿದು ಆಸ್ಪತ್ರೆಗೆ ಬಂದೆವು. ಡಾಕ್ಟರು ನಿನ್ನ ಎದೆಬಡಿತ ಕೇಳಿ, "ಬಡಿತ ಇದೆ, ಆದ್ರೆ ನಿಧಾನ ಇದೆ. ಸ್ವಲ್ಪ ಹೊತ್ತು ನೋಡೋಣ. ಸರಿಹೋಗದಿದ್ರೆ ಇವತ್ತೇ ಆಪರೇಷನ್ ಮಾಡ್ಬೇಕಾಗುತ್ತೆ" ಅಂದಿದ್ದಾರೆ. ನಿನಗೆ ಇನ್ನೂ ದಿನ ತುಂಬಿಲ್ಲ. ಸುಮ್ಮನೆ ಕೂತರೆ ತಲೆ ಕೆಟ್ಟುಹೋಗುತ್ತದೆ, ಅದಕ್ಕೇ ನಿನಗೆ ಬರೆಯುತ್ತಿದ್ದೇನೆ.

ನಿನ್ನ ಅಪ್ಪ ಎಂಥವನು ಎಂದು ಮೊದಲೇ ಹೇಳಿಬಿಡುತ್ತೇನೆ, ಆಮೇಲೆ ಮೋಸಹೋದೆ ಅನ್ನಬೇಡ. ನಾನು ಲಿಫ್ಟ್ ರಿಪೇರಿ ಮಾಡುವವನು. ಲಿಫ್ಟಿನ ನೆತ್ತಿಯ ಮೇಲೆ ಕೂತು, ಟಾರ್ಚ್ ಹಿಡಿದು, ಉಕ್ಕಿನ ಹಗ್ಗದ ಎಳೆ ಎಲ್ಲಾದರೂ ಬಿಟ್ಟಿದೆಯೇ ಎಂದು ನೋಡುವುದು ನನ್ನ ಕೆಲಸ. ಎಲ್ಲ ಸರಿಯಿದ್ದರೂ ಜನರನ್ನು ಹತ್ತಿಸುವ ಮುಂಚೆ ನಾನೊಬ್ಬನೇ ಮೇಲೆ ಕೆಳಗೆ ಹೋಗಿ ಬರುತ್ತೇನೆ. ಮನಸ್ಸು ತಡೆಯದೆ ಇನ್ನೊಮ್ಮೆ ಹೋಗುತ್ತೇನೆ. ಮನೆಯಲ್ಲೂ ಹಾಗೆಯೇ, ಬೀಗ ಹಾಕಿ ಬೀದಿ ತನಕ ಬಂದವನು ಗ್ಯಾಸ್ ಆರಿಸಿದೆನೋ ಇಲ್ಲವೋ ಎಂದು ವಾಪಸ್ ಓಡುತ್ತೇನೆ. ನಿನ್ನ ಅಮ್ಮ ನನಗಿಟ್ಟ ಹೆಸರು ಗಾಬರಿರಾಯ. ಆದರೆ ನಿನ್ನ ವಿಷಯದಲ್ಲಿ ಈ ಗಾಬರಿರಾಯನಿಗೆ ಮಾಡಲು ಏನೂ ಇಲ್ಲ. ನಿನ್ನನ್ನು ಹಿಡಿದಿಟ್ಟಿರುವ ಹಗ್ಗವನ್ನು ಟಾರ್ಚ್ ಹಾಕಿ ನೋಡಲಾಗದು.

ನಿನಗಿಂತ ಮುಂಚೆ ನಮಗೊಬ್ಬಳು ಮಗಳಿದ್ದಳು. ಹುಟ್ಟುವ ಮೊದಲೇ ಹೋದಳು. ಆಗ ನಾವು ಸಂಭ್ರಮ ತಡೆಯಲಾರದೆ ಮೊದಲ ತಿಂಗಳಲ್ಲೇ ಊರಿಗೆಲ್ಲ ಹೇಳಿಬಿಟ್ಟಿದ್ದೆವು. ಚರ್ಚಿನವರು ಪುಟ್ಟ ಪುಟ್ಟ ಟೋಪಿ, ಕಾಲುಚೀಲ ಹೆಣೆದು ಕೊಟ್ಟಿದ್ದರು. ಅವಳು ಹೋದಮೇಲೆ ಅವರೇ ಬಂದು, "ದೇವರ ಚಿತ್ತ" ಎಂದರು. ಒಳ್ಳೆಯ ಮನಸ್ಸಿನಿಂದಲೇ ಹೇಳಿದರು. ನಿನ್ನ ಅಮ್ಮ ಮಾತ್ರ ಬಹಳ ಕಾಲ ಚರ್ಚಿನ ಮೆಟ್ಟಿಲು ಹತ್ತಲಿಲ್ಲ. ನಾನು ಹೋಗುತ್ತಿದ್ದೆ. ಭಕ್ತಿ ಉಕ್ಕಿ ಹರಿಯುತ್ತಿತ್ತು ಎಂದುಕೊಳ್ಳಬೇಡ, ಭಾನುವಾರ ಕುರ್ಚಿ ಹಾಕುವ ಕೆಲಸ ನನ್ನದಾಗಿತ್ತು, ಅಷ್ಟೇ. ಕುರ್ಚಿ ಹಾಕುತ್ತಿದ್ದೆ, ಹಾಡುವಾಗ ತುಟಿ ಅಲ್ಲಾಡಿಸುತ್ತಿದ್ದೆ, ಕುರ್ಚಿ ತೆಗೆದಿಡುತ್ತಿದ್ದೆ. ನನ್ನ ಪ್ರಾರ್ಥನೆ ಸವೆದು ಸವೆದು ಊಟಕ್ಕೆ ಮುಂಚಿನ ಒಂದೇ ಮಾತಿಗೆ ಇಳಿದಿತ್ತು.

ಹಾಗಾಗಿ ನೀನು ಬಂದಾಗ ಯಾರಿಗೂ ಹೇಳಬಾರದೆಂದು ನಾವಿಬ್ಬರೂ ಗಟ್ಟಿ ಮಾಡಿಕೊಂಡೆವು. ನಿನ್ನ ಅಜ್ಜಿಗೆ, ಅಂದರೆ ನನ್ನ ಅಮ್ಮನಿಗೆ, ಮಾತ್ರ ತಿಳಿದುಹೋಯಿತು. ಸೊಸೆ ವಾಂತಿ ಮಾಡುವ ಸದ್ದು ಅವಳಿಗೆ ಪಕ್ಕದ ಕೋಣೆಯಿಂದಲೇ ಎಲ್ಲವನ್ನೂ ಹೇಳಿತು. ಬಾಯಿ ಬಿಡಬೇಡ ಎಂದು ಕೈ ಮುಗಿದು ಕೇಳಿಕೊಂಡೆ. ಆಯಿತೆಂದು ತಲೆಯಾಡಿಸಿದಳು.

ನಮ್ಮ ಚರ್ಚಿನಲ್ಲಿ ಹಾಡುಗಳಾದ ಮೇಲೆ ಸಾಕ್ಷಿ ಹೇಳುವ ಹೊತ್ತೊಂದಿದೆ. ದೇವರು ತಮಗೆ ಮಾಡಿದ್ದನ್ನು ಯಾರು ಬೇಕಾದರೂ ಎದ್ದು ನಿಂತು ಹೇಳಿ, ಅದಕ್ಕೆ ಸ್ತೋತ್ರ ಎಂದು ದೇವರಿಗೆ ಕೃತಜ್ಞತೆ ಸಲ್ಲಿಸಬಹುದು. ನಿನ್ನ ಅಜ್ಜಿ ಎದ್ದಳೆಂದರೆ ಸಭಾಪಾಲಕರು ಮೆಲ್ಲಗೆ ಗಡಿಯಾರ ನೋಡಿಕೊಳ್ಳುತ್ತಾರೆ. ಅವಳು ಶುರುಮಾಡುವುದೇ ನಾನು ಮಗುವಾಗಿದ್ದಾಗ ಬಂದ ವಿಷಮಜ್ವರದಿಂದ. ಅಲ್ಲಿಂದ ನಿನ್ನ ತಾತ ತೀರಿಕೊಂಡದ್ದು, ಅವಳಿಗೆ ಲಾಂಡ್ರಿಯಲ್ಲಿ ಇಸ್ತ್ರಿ ಕೆಲಸ ಸಿಕ್ಕಿದ್ದು, ನನ್ನ ಮದುವೆ, ಹೀಗೆ ಒಂದನ್ನೂ ಬಿಡದೆ ಬರುತ್ತಾಳೆ. ಹಿಂದಿನ ಸಾಲಿನ ಮಕ್ಕಳಿಗೆ ನನ್ನ ಜ್ವರ ಬಾಯಿಪಾಠವಾಗಿದೆ. ಆ ಭಾನುವಾರವೂ ಜ್ವರದಿಂದ ಹೊರಟು, ಎಲ್ಲ ದಾಟಿ ಬಂದು, ಉಸಿರು ಎಳೆದುಕೊಂಡು, "ಈಗ ನಮ್ಮನೆಗೆ ಇನ್ನೊಂದು ಮಗು ಕೊಟ್ಟಿದ್ದಾನೆ. ಕಾಪಾಡಿದ್ದಕ್ಕೆ ಸ್ತೋತ್ರ" ಎಂದುಬಿಟ್ಟಳು. ಸಭೆಯೆಲ್ಲ "ಸ್ತೋತ್ರ!" ಎಂದಿತು. ನಿನ್ನ ಅಮ್ಮ ಅಂದು ಬಹಳ ದಿನಗಳ ನಂತರ ಬಂದು ನನ್ನ ಪಕ್ಕ ಕೂತಿದ್ದಳು. ಅವಳು ಸೆರಗು ಎಳೆದು ಹೊಟ್ಟೆ ಮುಚ್ಚಿಕೊಂಡಳು.

ಮರುದಿನ ಮಧ್ಯಾಹ್ನ ನಾನು ಲಾಂಡ್ರಿಗೇ ಹೋದೆ. ಆವಿಯ ಮಧ್ಯೆ ನಿಂತು ಯಾರದೋ ಅಂಗಿ ಇಸ್ತ್ರಿ ಮಾಡುತ್ತಿದ್ದಳು. "ಯಾರನ್ನ ಕೇಳಿ ಹೇಳ್ದೆ ಅಮ್ಮ? ಏನಾದ್ರೂ ಹೆಚ್ಚುಕಮ್ಮಿ ಆದ್ರೆ ಆ ಸ್ತೋತ್ರನ ಏನ್ ಮಾಡ್ತೀಯಾ?" ಎಂದು ರೇಗಿದೆ.

"ಏನ್ ಮಾಡೋದು? ಹೇಳಿದ್ದು ಹೇಳಿದ್ದೇ. ದೊಡ್ಡವಳಿಗೋಸ್ಕರ ಹೇಳಿದ್ದನ್ನೇನು ವಾಪಸ್ ತಗೊಂಡ್ನಾ?"

"ದೊಡ್ಡವಳು ಯಾರು?"

"ನನ್ನ ಮೊದಲ್ನೇ ಮೊಮ್ಮಗಳು ಕಣೋ. ನೀವಿಬ್ರೂ ಅವಳ ಸುದ್ದಿನೇ ಎತ್ತಲ್ಲ. ಅಷ್ಟು ತಿಂಗಳು ನಮ್ಮನೇಲಿ ಇದ್ಲಲ್ಲ, ಅದಕ್ಕೆ ದಿನಾ ಸ್ತೋತ್ರ ಹೇಳ್ತೀನಿ. ಯಾಕೆ ಕರ್ಕೊಂಡೆ ಅಂತ ದೇವರ ಹತ್ರ ಜಗಳಾನೂ ಆಡ್ತೀನಿ. ಜಗಳ ಆಡ್ದೆ ಅಂತ ಮಾತು ಬಿಡೋಕಾಗುತ್ತಾ? ಹೋಗು, ಕೆಲಸ ನೋಡು."

ಅಷ್ಟು ಹೇಳಿ ಕಾಲರನ್ನು ಇನ್ನೊಮ್ಮೆ ಒತ್ತಿದಳು. ಸಾಲದೆಂಬಂತೆ ಮತ್ತೊಮ್ಮೆ, ಮಗದೊಮ್ಮೆ ಒತ್ತಿದಳು, ನಾನು ಲಿಫ್ಟಿನಲ್ಲಿ ಮತ್ತೆ ಮತ್ತೆ ಹೋಗಿಬರುವ ಹಾಗೆ. ನಿನ್ನ ಅಜ್ಜಿಗೆ ಭಯವೇ ಆಗುವುದಿಲ್ಲ ಎಂದುಕೊಂಡಿದ್ದೆ. ಅವಳಿಗೂ ನನ್ನಷ್ಟೇ ಭಯ, ಕಂದಾ. ಭಯ ಇಟ್ಟುಕೊಂಡೇ ಎದ್ದು ನಿಲ್ಲುತ್ತಾಳೆ. ಅವಳ ಮೇಲಿನ ಸಿಟ್ಟು ನನಗೆ ಪೂರ್ತಿ ಇಳಿಯಲಿಲ್ಲ, ಆದರೆ ಜಗಳ ಅಲ್ಲಿಗೇ ಬಿಟ್ಟು ಕೆಲಸಕ್ಕೆ ಹೊರಟೆ.

ಅಂದಿನಿಂದ ನಾನೂ ಹಿಂದಿನದನ್ನು ನೆನೆಯಲು ಕಲಿಯುತ್ತಿದ್ದೇನೆ. ನಮ್ಮ ಚರ್ಚಿನ ದರ್ಜಿಯೊಬ್ಬರು ನೆನಪಾಗುತ್ತಾರೆ. ಆ ಕೆಟ್ಟ ದಿನಗಳಲ್ಲಿ ಸಂಜೆ ಫ್ಲಾಸ್ಕಿನಲ್ಲಿ ಟೀ ತಂದು, ಒಂದು ಉಪದೇಶವನ್ನೂ ಹೇಳದೆ, ನಮ್ಮ ಜೊತೆ ಕೂತು ಕುಡಿದು ಹೋಗುತ್ತಿದ್ದರು. ನಿನ್ನ ಅಮ್ಮ ಒಂದು ದಿನ ನಾನು ಉಪ್ಪಿನ ಬದಲು ಸಕ್ಕರೆ ಹಾಕಿ ಮಾಡಿದ ಸಾರು ಬಾಯಿಗಿಟ್ಟು, ಹೊಟ್ಟೆ ಹಿಡಿದುಕೊಂಡು ನಕ್ಕಳು. ಆ ಮನೆಯಲ್ಲಿ ಮತ್ತೆ ನಗು ಕೇಳುತ್ತೇನೆಂದು ನಾನು ಅಂದುಕೊಂಡಿರಲಿಲ್ಲ. ನಾವು ಬೇಡಿದ್ದನ್ನು ದೇವರು ಕೊಡಲಿಲ್ಲ. ಆದರೆ ನಮ್ಮನ್ನು ಕೈಬಿಟ್ಟಿರಲಿಲ್ಲ. ಈ ಎರಡು ಮಾತನ್ನೂ ಒಟ್ಟಿಗೆ ಹೇಳಲು ನನಗೆ ಇಷ್ಟು ಕಾಲ ಬೇಕಾಯಿತು. ಹೇಳಿದಮೇಲೂ ಭಯ ಹೋಗಿಲ್ಲ ನೋಡು.

ಸ್ವಲ್ಪ ಮುಂಚೆ ಇಲ್ಲೇ ಕಣ್ಣುಮುಚ್ಚಿ ಪ್ರಾರ್ಥಿಸಲು ನೋಡಿದೆ. ಊಟದ ಪ್ರಾರ್ಥನೆಯೇ ಬಾಯಿಗೆ ಬಂತು. ಕೊನೆಗೆ, "ಕರ್ತನೇ, ಇಲ್ಲಿತನಕ ಈ ಮಗುವನ್ನು ಕೊಟ್ಟಿದ್ದಕ್ಕೆ ಸ್ತೋತ್ರ. ತುಂಬ ಭಯವಾಗುತ್ತಿದೆ. ಬಿಟ್ಟುಹೋಗಬೇಡ" ಎಂದೆ. ಅದಕ್ಕಿಂತ ಒಳ್ಳೆಯದು ನನಗೆ ಬರಲಿಲ್ಲ.

ಇದನ್ನು ಬರೆಯುತ್ತಿರುವಾಗಲೇ ಸಿಸ್ಟರ್ ಬಂದು ಹೋದರು. ಆಪರೇಷನ್ನಿಗೆ ಸಿದ್ಧ ಮಾಡುತ್ತಿದ್ದಾರಂತೆ. ನಿನ್ನ ಅಮ್ಮನನ್ನು ಒಳಗೆ ಕರೆದೊಯ್ಯುವ ಮುಂಚೆ ನನ್ನನ್ನು ಒಂದು ಗಳಿಗೆ ಅವಳ ಹತ್ತಿರ ಬಿಡುತ್ತಾರಂತೆ. ನಾನು ಎದ್ದು ನಿಂತು, ಯಾವ ಬಾಗಿಲು ಎಂದು ಎರಡೆರಡು ಸಲ ಕೇಳಿದೆ. ಅವರಿಗೆ ಕನಿಕರವಾಯಿತೋ ಏನೋ, "ಮೊದಲನೇ ಮಗುನಾ?" ಎಂದು ಕೇಳಿದರು.

"ಅಲ್ಲ ಸಿಸ್ಟರ್," ಎಂದೆ. "ಎರಡನೇದು. ದೊಡ್ಡವಳು ಮಗಳು."

ದೇವರ ಕೈ ನಿನ್ನ ಕೆಳಗಿರಲಿ, ಕಂದಾ. ಬಾ.

ಬಾಗಿಲ ಹೊರಗೆ ಕಾಯುತ್ತಿರುವ,
ನಿನ್ನ ಅಪ್ಪ