ನನ್ನ ಕೋಣೆಯ ನಿಯಮ

ಮಂಗಳವಾರ, ಹನ್ನೆರಡನೇ ತಾರೀಖು, ಮಧ್ಯಾಹ್ನ

ನನ್ನ ಪುಟ್ಟೀ,

ಹೇಗಿದ್ದೀಯ ಎಂದು ಕೇಳುವ ಧೈರ್ಯವಿಲ್ಲ. ನಿನ್ನ ಮೂರು ಕಾಗದಗಳಿಗೂ ಉತ್ತರಿಸದೆ ಕೂತಿದ್ದಕ್ಕೆ ಚೆನ್ನಾಗಿ ಬೈಯಿ. ಊರವರ ಮನಸ್ಸಿನ ಗಂಟು ಬಿಡಿಸುವ ನಿನ್ನ ಅಕ್ಕನಿಗೆ ಒಂದು ಕಾಗದ ಬರೆಯಲು ನಲವತ್ತು ದಿನ ಹಿಡಿಯಿತು ನೋಡು.

ನಿನ್ನ ಮಗ, ನಮ್ಮ ಗುಬ್ಬಿ, ತಾನು ಕೆಲಸ ಮಾಡುತ್ತಿದ್ದ ಕಾರ್ಖಾನೆಯ ಊಟದ ಕೋಣೆಯಲ್ಲಿ ಆರು ಜನರನ್ನು ಕೊಂದ ದಿನದಿಂದ ನಾನು ಸಲಹೆಗೆ ಬರುವ ಯಾರನ್ನೂ ನೋಡುತ್ತಿಲ್ಲ. ಆದರೂ ದಿನಾ ಬಂದು ನನ್ನ ಕೋಣೆಯ ಬೀಗ ತೆಗೆದು ಕೂರುತ್ತೇನೆ. ಬಿಸಿಲು ಪರದೆಯಿಂದ ಇಳಿದು ಎದುರಿನ ಕುರ್ಚಿಗೆ ಬರುವಾಗ ಕಣ್ಣು ಎಳೆಯುತ್ತದೆ. ಕನಸಿನಲ್ಲಿ ಅಲ್ಲಿ ಮತ್ತೆ ಆರು ವರ್ಷದವನಾದ ಗುಬ್ಬಿ ಕೂತಿರುತ್ತಾನೆ, ಕಾಲು ನೆಲಕ್ಕೆ ಎಟುಕುವುದಿಲ್ಲ. ಏನೋ ಹೇಳುತ್ತಾನೆ, ತುಟಿ ಅಲ್ಲಾಡುತ್ತದೆ, ಕೇಳಿಸುವುದಿಲ್ಲ. ಎಚ್ಚರವಾದರೆ ಬಿಸಿಲು ಗೋಡೆಗೆ ಹೋಗಿರುತ್ತದೆ.

ನನಗೆ ಈ ಕೆಲಸ ಕಲಿಸಿದ ಮೇಡಂ ನಿನ್ನೆ ಬಂದಿದ್ದರು. "ಹುಚ್ಚು ಅಂದುಬಿಡೋದು ಸುಲಭ ಕಣಮ್ಮ," ಎಂದರು. "ಅವಮಾನ, ಒಂಟಿತನ, ಇವರೇ ನಿನ್ನ ವೈರಿಗಳು ಅಂತ ಕಿವಿಯೂದೋ ಜನ, ಕೈಗೆ ಸಿಗೋ ಬಂದೂಕು, ಇಂಥದ್ದು ಆಗೋಕೆ ಎಲ್ಲಾ ಸೇರ್ಬೇಕು. ಯಾರಾದ್ರೂ ಎದುರಿಗೆ ಕೂತು, ಯಾರಿಗಾದ್ರೂ ಏನಾದ್ರೂ ಮಾಡ್ಬೇಕು ಅನ್ಸುತ್ತಾ ಅಂತ ನೇರವಾಗಿ ಕೇಳಿದ್ರೆ, ಒಂದೊಂದ್ಸಲ ಅನಾಹುತ ತಪ್ಪುತ್ತೆ." ನಾನು ತಲೆಯಾಡಿಸಿದೆ. ಚಹಾ ಆರಿಹೋಯಿತು.

"ಹೆತ್ತವಳಿಗೆ ಗೊತ್ತಾಗ್ಲಿಲ್ವಾ?" ಎಂದು ಎಲ್ಲರೂ ನಿನ್ನನ್ನೇ ಕೇಳುತ್ತಾರಂತೆ. ಯಾವ ಮುಖ ಇಟ್ಟುಕೊಂಡು ಜೈಲಿಗೆ ಹೋಗಲಿ ಎಂದು ಬರೆದಿದ್ದೀಯ. ಇರುವ ಮುಖದಲ್ಲೇ ಹೋಗು. ಅವನನ್ನು ಕ್ಷಮಿಸಬೇಕೆಂದೇನೂ ಇಲ್ಲ. ಸುಮ್ಮನೆ ಎದುರಿಗೆ ಕೂತು, ಅವನು ಹೇಳಿದ್ದನ್ನು ಕೇಳಿಸಿಕೊಂಡು ಬಾ. ಹೊಟ್ಟೆಗೆ ಒಂದಿಷ್ಟು ತಿಂದು ಹೋಗು. ನಿನಗೆ ನಿದ್ದೆ ಬರಲಿ, ಪುಟ್ಟೀ.

ನಿನ್ನ
ಅಕ್ಕ

ಮ.ವಿ.: ಇದನ್ನು ಬರೆಯಲಾಗದೇ ಮೇಲಿನದೆಲ್ಲ ಬರೆದೆ. ಆ ಕೊಲೆಗಳಿಗೆ ಒಂಬತ್ತು ದಿನ ಮುಂಚೆ ಗುಬ್ಬಿ ನನ್ನ ಕೋಣೆಗೆ ಬಂದಿದ್ದ. ಬೇರೆಯವರ ಹಾಗೆ ಹೆಸರು ಬರೆಸಿ, ಸರದಿಯಲ್ಲಿ ಕೂತಿದ್ದ. "ದೊಡ್ಡಮ್ಮ, ಒಂದು ವಿಷ್ಯ ಹೇಳ್ಬೇಕಿತ್ತು," ಎಂದ. ನಾನು ನಕ್ಕುಬಿಟ್ಟೆ. "ಸ್ವಂತದವರನ್ನ ನಾವು ನೋಡೋ ಹಾಗಿಲ್ಲ ಕಣೋ, ಅದು ನಿಯಮ," ಎಂದು ಇದೇ ಕೆಲಸ ಮಾಡುವ ಇನ್ನೊಬ್ಬರ ವಿಳಾಸ ಬರೆದುಕೊಟ್ಟೆ. ಚೀಟಿಯನ್ನು ನಾಲ್ಕು ಮಡಿಕೆ ಮಾಡಿ ಜೇಬಿಗಿಟ್ಟುಕೊಂಡ. "ನಿಮ್ದು ಊಟ ಆಯ್ತಾ?" ಎಂದು ನನ್ನನ್ನೇ ವಿಚಾರಿಸಿ ಹೋದ. ನಿಯಮ ಸರಿಯೇ. ಆದರೆ ದೊಡ್ಡಮ್ಮನಾಗಿ, ಏನೋ ಅದು ಎಂದು ಕೇಳಬಹುದಿತ್ತು. ಕೇಳಲಿಲ್ಲ.

ಗೊತ್ತಾಗ್ಲಿಲ್ವಾ ಎಂದು ಇನ್ನು ಯಾರಾದರೂ ಕೇಳಿದರೆ, ಅವರಿಗೆ ನನ್ನ ವಿಳಾಸ ಕೊಡು.