ಇಳಿಯುವವರು ಮೊದಲು ಇಳಿಯಲಿ

ಗುರುವಾರ, ಸಂಜೆ

ಪ್ರೀತಿಯ ಅಮ್ಮ,

ಇವತ್ತು ಬೆಳಿಗ್ಗೆ ಆಫೀಸಿನ ಲಿಫ್ಟಿನಲ್ಲಿ ನಾನೊಬ್ಬಳೇ ಇದ್ದೆ. ನನಗಿಂತ ಮುಂಚೆ ಯಾರೋ ತುಂಟರು ಎಲ್ಲ ಗುಂಡಿಗಳನ್ನೂ ಒತ್ತಿ ಇಳಿದುಹೋಗಿದ್ದರು. ಒಂದೊಂದು ಮಹಡಿಯಲ್ಲೂ ಲಿಫ್ಟ್ ನಿಂತಿತು, ಬಾಗಿಲು ತೆರೆಯಿತು, ಹೊರಗೆ ಯಾರೂ ಇರಲಿಲ್ಲ. ಒತ್ತಿದವರು ಯಾವಾಗಲೋ ಹೋಗಿದ್ದರೂ ಅದು ಅವರಿಗೆ ಇನ್ನೂ ಓಗೊಡುತ್ತಲೇ ಇತ್ತು. ನನಗೆ ಇದ್ದಕ್ಕಿದ್ದಂತೆ ಅಪ್ಪನ ನೆನಪಾಯಿತು. ಯಾಕೆಂದು ಆಗ ತಿಳಿಯಲಿಲ್ಲ. ಮಧ್ಯಾಹ್ನ ತಿಳಿಯಿತು. ಅದನ್ನು ಹೇಳಲೆಂದೇ ಕೂತಿದ್ದೇನೆ. ಫೋನ್ ಹಿಡಿದರೆ ನನ್ನ ನಾಲಿಗೆ ಏಳುವುದಿಲ್ಲ, ನಿನಗೆ ಗೊತ್ತಲ್ಲ.

ಮೊದಲು ಒಂದು ಮಾತು. ನೀನು ಕಂಪನಿಗೆ ಬರೆದ ಪತ್ರ ಕೈಪಿಡಿಗಳನ್ನು ತಿದ್ದುವ ನಮ್ಮ ವಿಭಾಗಕ್ಕೇ ಬಂತು. ಗಿರಾಕಿಗಳ ಅಳತೆ ಬರೆದಿಡುವ ಅದೇ ದುಂಡು ಅಕ್ಷರ. ಮಗಳು ಅಲ್ಲೇ ಕೆಲಸದಲ್ಲಿದ್ದಾಳೆ ಎಂದು ಎಲ್ಲೂ ಬರೆದಿರಲಿಲ್ಲ; ನಿನ್ನ ಬಿಗುಮಾನ ನಿನಗೆ. ಹೊಲಿಗೆ ಯಂತ್ರ ಕೊಂಡಾಗ ಒಳಗಿನ ಚಕ್ರಗಳ ಚಿತ್ರವನ್ನೂ ಕೊಟ್ಟಿದ್ದರು, ಎಣ್ಣೆ ಎಲ್ಲಿ ಬಿಡಬೇಕು, ಯಾವ ತಿರುಪು ಮುಟ್ಟಬಾರದು ಎಲ್ಲ ಇತ್ತು, ನಿಮ್ಮ ಕಂಪ್ಯೂಟರಿಗೆ ಅಂಥದೊಂದು ಪುಸ್ತಕ ಇಲ್ಲವೇ ಎಂದು ನೀನು ಕೇಳಿದ್ದೆ.

ಇದೆ ಅಮ್ಮ. ದಪ್ಪನೆಯ ಪುಸ್ತಕ, ಬೀರುವಿನಲ್ಲಿ ಬೀಗ ಹಾಕಿಟ್ಟಿದ್ದಾರೆ. ಕರಾರಿಗೆ ಸಹಿ ಮಾಡಿದ ಕಂಪನಿಗಳಿಗೆ ಮಾತ್ರ ಅದು ಸಿಗುತ್ತದೆ. ಮನೆಯಲ್ಲಿ ಕೂತು ಪ್ರೋಗ್ರಾಂ ಬರೆಯುವವರಿಗೆ ನಿನ್ನ ಹತ್ತಿರ ಇರುವ ಆ ತೆಳು ಕೈಪಿಡಿಯೇ ಗತಿ.

ಅದನ್ನು ತೆಳುವಾಗಿಸುವವರು ನಮ್ಮ ವಿಭಾಗದ ಹಿರಿಯರು. ಅವರಿಗೆ ನಾವಿಟ್ಟ ಹೆಸರು ಕತ್ತರಿ. ಕೆಟ್ಟವರಲ್ಲ, ನಾನು ಊಟಕ್ಕೆ ಏಳದಿದ್ದರೆ ಮೇಜಿನ ಮೇಲೆ ಎರಡು ಬಿಸ್ಕತ್ತು ಇಟ್ಟು ಹೋಗುತ್ತಾರೆ. ನಿನ್ನ ಪತ್ರವನ್ನು ಅವರು ಪೂರ್ತಿ ಓದಿದರು. “ಪಾಪ, ಯಾರೋ ಹೆಣ್ಣುಮಗಳು. ಆದ್ರೆ ಒಳಗಿನ ವಿಷಯ ಮನೇಲಿರೋರಿಗೆ ಯಾಕಮ್ಮ? ಕೈ ಹಾಕ್ತಾರೆ, ಕೆಡಿಸ್ತಾರೆ, ಆಮೇಲೆ ನಮಗೇ ಉಗೀತಾರೆ” ಎಂದರು. ಕೊಡಲು ಬರುವುದಿಲ್ಲ ಎಂದು ನಿನಗೆ ಬಂದ ಆ ಅಚ್ಚಿನ ಕಾರ್ಡು ಅವರು ಕಳಿಸಿದ್ದು. ಬರೆದವಳು ನನ್ನಮ್ಮ ಎಂದು ನಾನು ಹೇಳಲಿಲ್ಲ.

ಈಗ ಕಳೆದ ಭಾನುವಾರಕ್ಕೆ ಬರುತ್ತೇನೆ. ಲಕ್ವ ಹೊಡೆದು ಅಪ್ಪನ ಮಾತು ನಿಂತ ಮೇಲೆ ಅವರಿಗೆ ಉಳಿದದ್ದು ಒಂದು ಬೆರಳು. ಆ ಬೆರಳಿಗಾಗಿ ನೀನು ನಮ್ಮ ಕಂಪನಿಯ ಕಂಪ್ಯೂಟರ್ ಕೊಂಡು, ಪತ್ರಿಕೆಗಳನ್ನು ನೋಡಿ ನೋಡಿ ಪ್ರೋಗ್ರಾಂ ಕಲಿತೆ. ‘ಹೌದು’ ಕೀಲಿಗೆ ಕೆಂಪು ಬಟ್ಟೆಯ ಚೂರು, ‘ಇಲ್ಲ’ ಕೀಲಿಗೆ ಕಪ್ಪು ಚೂರು ಅಂಟಿಸಿದೆ. ಡಾಕ್ಟರು ಕೊಟ್ಟ ಪ್ರಶ್ನೆಗಳನ್ನೂ ಅದರೊಳಗೆ ಸೇರಿಸಿದೆ. ಭಾನುವಾರ ಅವು ಪರದೆಗೆ ಬಂದ ಹಾಗೆ ಡಾಕ್ಟರು ಗಟ್ಟಿಯಾಗಿ ಓದುತ್ತಿದ್ದರು.

“ಇವರು ನಿಮ್ಮ ಹೆಂಡ್ತಿನಾ?” ಅಪ್ಪ ಕೆಂಪು ಕೀಲಿ ಒತ್ತಿದರು. ಪರದೆ ಹೌದು ಎಂದಿತು.

“ಈಗ ರಾತ್ರಿನಾ?” ಹೌದು. ಕಿಟಕಿಯಲ್ಲಿ ಕಣ್ಣು ಕುಕ್ಕುವ ಬಿಸಿಲು.

“ನೀವು ವಿಮಾನ ಓಡಿಸ್ತಿದ್ರಾ?” ಹೌದು.

“ನೋಡಿ, ಬಸ್ ಕಂಡಕ್ಟರಿಗೆ ಬಡ್ತಿ ಸಿಕ್ತು” ಎಂದು ಚಿಕ್ಕಪ್ಪ ನಗಲು ಹೋಗಿ ಆಗದೆ ಗೋಡೆ ನೋಡುತ್ತಾ ನಿಂತರು. “ಬೆರಳು ಆಡುತ್ತೆ, ಅಷ್ಟೇ. ಏನೂ ಅರ್ಥ ಆಗ್ತಿಲ್ಲಮ್ಮ” ಎಂದರು ಡಾಕ್ಟರು. ನೀನು ಪ್ಲಗ್ ಕಿತ್ತು, ಕಂಪ್ಯೂಟರಿನ ಮೇಲೆ ಬಟ್ಟೆ ಮುಚ್ಚಿದೆ. ಬರುವ ಸೋಮವಾರ ಡಾಕ್ಟರು ಮತ್ತೆ ಬಂದಾಗ ಅಪ್ಪನನ್ನು ಬುದ್ಧಿ ಕಳೆದುಕೊಂಡವರ ನಿಲಯಕ್ಕೆ ಸೇರಿಸಲು ನೀನು ಒಪ್ಪಿಗೆ ಕೊಡಬೇಕು.

ನೀವೆಲ್ಲ ಪರದೆ ನೋಡುತ್ತಿದ್ದಿರಿ. ನಾನು ಎಂದಿನಂತೆ ಬಾಗಿಲ ಬಳಿ ನಿಂತಿದ್ದೆ. ಅಲ್ಲಿಂದ ನನಗೆ ಕಾಣುತ್ತಿದ್ದದ್ದು ಅಪ್ಪನ ಕೈ ಮಾತ್ರ. ರಾತ್ರಿಯಾ ಎಂದು ಕೇಳಿದಾಗ ಅವರ ಬೆರಳು ಕೆಂಪು ಚೂರನ್ನು ಬಿಟ್ಟು ಕಪ್ಪಿನ ಕಡೆಗೆ ತೆವಳುತ್ತಿತ್ತು. ತಲುಪುವ ಮೊದಲೇ ಪರದೆ ಹೌದು ಎಂದುಬಿಟ್ಟಿತು. ಬೆರಳು ನಡುದಾರಿಯಲ್ಲೇ ನಿಂತಿತು. ಮೂರನೆಯದಕ್ಕೂ ಹಾಗೆಯೇ. ನನ್ನ ಭ್ರಮೆ ಅಂದುಕೊಂಡೆ.

ಇವತ್ತು ಮಧ್ಯಾಹ್ನ ಕೈಪಿಡಿಯ ಹೊಸ ಮುದ್ರಣದ ಕರಡು ನನ್ನ ಕೈಗೆ ಬಂತು. ಇಂಜಿನಿಯರ್ ಒಬ್ಬರು ಒಂದು ಪುಟ ಹೊಸದಾಗಿ ಸೇರಿಸಿದ್ದರು. ಕತ್ತರಿ ಅದರ ಮೇಲೆ ಮೂಲೆಯಿಂದ ಮೂಲೆಗೆ ಕೆಂಪು ಗೆರೆ ಎಳೆದಿದ್ದರು. ಗೆರೆಯ ಕೆಳಗಿನದನ್ನು ಓದುವುದು ನನ್ನ ಕೆಟ್ಟ ಚಾಳಿ.

ಅಮ್ಮ, ಕೀಲಿಯ ಮೇಲೆ ಬೆರಳು ಇಟ್ಟೇ ಇದ್ದರೆ ಈ ಯಂತ್ರ ಅದನ್ನು ಮತ್ತೆ ಮತ್ತೆ ಒತ್ತಿದ ಹಾಗೆ ಎಣಿಸುತ್ತದೆ. ಹೆಚ್ಚಾದ ಒತ್ತುಗಳನ್ನು ಎಸೆಯುವುದಿಲ್ಲ, ಸಾಲಾಗಿ ನಿಲ್ಲಿಸಿಕೊಳ್ಳುತ್ತದೆ. ಮುಂದಿನ ಪ್ರಶ್ನೆ ಬಂದಾಗ ಸಾಲಿನಲ್ಲಿ ನಿಂತದ್ದನ್ನೇ ಉತ್ತರ ಎಂದು ತೆಗೆದುಕೊಳ್ಳುತ್ತದೆ. ನೀನು ಒತ್ತಿ ನೋಡಿದಾಗ ತಪ್ಪು ಕಾಣಲೇ ಇಲ್ಲ. ನಿನ್ನ ಬೆರಳು ಸೂಜಿಯ ಹಾಗೆ, ಮುಟ್ಟಿ ಮೇಲೇಳುತ್ತದೆ. ಅಪ್ಪನದು ಇಳಿಯುವುದೂ ನಿಧಾನ, ಏಳುವುದೂ ನಿಧಾನ.

ಹಾಗಾಗಿ ಅಂದು ಅಪ್ಪ ಉತ್ತರಿಸಿದ್ದು ಮೊದಲ ಪ್ರಶ್ನೆಯೊಂದಕ್ಕೇ. ನೀನು ಅವರ ಹೆಂಡತಿಯೇ ಎಂದು ಕೇಳಿದ್ದಕ್ಕೆ ಹೌದು ಎಂದವರು ಅವರೇ. ಮಿಕ್ಕಿದ್ದನ್ನು ಹೇಳಿದ್ದು ಅವರಲ್ಲ.

ಬಸ್ಸಿನಲ್ಲಿ ಅಪ್ಪ ಕೂಗುತ್ತಿದ್ದರಲ್ಲ, “ಇಳಿಯೋರು ಮೊದಲು ಇಳೀಲಿ, ಹತ್ತೋರು ಸ್ವಲ್ಪ ತಡೀರಪ್ಪಾ” ಎಂದು? ನೀನು ಮಾಡಬೇಕಾದದ್ದೂ ಅಷ್ಟೇ. ಸಾಲಿನಲ್ಲಿ ಎಷ್ಟು ಒತ್ತುಗಳು ನಿಂತಿವೆ ಎಂಬ ಲೆಕ್ಕ ಮೆಮೊರಿಯ ಒಂದು ಮನೆಯಲ್ಲಿರುತ್ತದೆ. ಬೆರಳು ಇನ್ನೂ ಕೀಲಿಯ ಮೇಲಿದೆಯೇ ಎಂಬುದು ಇನ್ನೊಂದು ಮನೆಯಲ್ಲಿ. ಪ್ರತಿ ಪ್ರಶ್ನೆಗೂ ಮುಂಚೆ ಬೆರಳು ಏಳುವ ತನಕ ಕಾದು, ಆಮೇಲೆ ಲೆಕ್ಕದ ಮನೆಗೆ ಸೊನ್ನೆ ಹಾಕು. ಆ ಮನೆಗಳ ನಂಬರುಗಳನ್ನು ಜೊತೆಗಿನ ಹಾಳೆಯಲ್ಲಿ ಬರೆದಿದ್ದೇನೆ. ಎರಡೆರಡು ಸಲ ತಾಳೆ ನೋಡಿದ್ದೇನೆ.

ಇಷ್ಟು ಬರೆದು ಲಕೋಟೆ ಅಂಟಿಸಬಹುದಿತ್ತು. ಆದರೆ ನಿನಗೆ ಬಂದಂಥ ಕಾರ್ಡುಗಳು ವಾರವಾರವೂ ಹೋಗುತ್ತವೆ. ಯಾವ್ಯಾವ ಮನೆಯಲ್ಲಿ ಯಾರ್ಯಾರ ಬೆರಳು ನಡುದಾರಿಯಲ್ಲಿ ನಿಂತಿದೆಯೋ. ಎಲ್ಲರಿಗೂ ಕಂಪನಿಯೊಳಗೆ ಒಬ್ಬಳು ಮಗಳು ಇರುವುದಿಲ್ಲ.

ಎದ್ದು ಕತ್ತರಿಯವರ ಮೇಜಿನ ಹತ್ತಿರ ಹೋದೆ. ನಂಬುತ್ತೀಯಾ? ಆ ಪುಟ ಕೈಬಿಡಬೇಡಿ ಸಾರ್ ಎಂದೆ. ಅಪ್ಪನ ಸಂಗತಿಯನ್ನೂ ಹೇಳಿದೆ. ಅವರು ಬಹಳ ಹೊತ್ತು ಕನ್ನಡಕ ಒರೆಸಿದರು. “ನಿಮ್ಮಮ್ಮನಿಗೆ ಬರ್ಕೋ, ನಾನು ನೋಡಿಲ್ಲ ಅಂದ್ಕೋತೀನಿ. ಪುಸ್ತಕಕ್ಕೆ ಮಾತ್ರ ಬೇಡ. ಸಾಹಿತ್ಯ ಓದಿದೋಳು, ನಿನಗ್ಯಾಕಮ್ಮ ಈ ಉಸಾಬರಿ?” ಎಂದರು.

ಹೊಡೆದುಹಾಕಿದ ಸಾಲು ಉಳಿಯಬೇಕಾದರೆ ಅದರ ಅಡಿಗೆ ಚುಕ್ಕೆ ಇಟ್ಟು, ಅಂಚಿನಲ್ಲಿ ‘ಇರಲಿ’ ಎಂದು ಬರೆದು ಸಹಿ ಮಾಡುವುದು ನಮ್ಮ ಕೆಲಸದ ರೂಢಿ. ಉಳಿಸಿದವರು ಯಾರು ಎಂದು ಗೊತ್ತಾಗಲಿ ಅಂತ ಸಹಿ. ನಾನು ಇದುವರೆಗೆ ಒಂದು ಚುಕ್ಕೆಯನ್ನೂ ಇಟ್ಟವಳಲ್ಲ. ಕೊನೆಯ ಕರಡು ನಾಳೆ ಬೆಳಿಗ್ಗೆ ನನ್ನ ಕೈಯಿಂದಲೇ ಅಚ್ಚುಮನೆಗೆ ಹೋಗುತ್ತದೆ. ಆ ಪುಟದ ಪ್ರತಿ ಸಾಲಿನ ಅಡಿಯಲ್ಲೂ ಚುಕ್ಕೆ ಇಡುತ್ತೇನೆ. ಸಹಿಯನ್ನು ಪೂರ್ತಿಯಾಗಿ, ಓದಲು ಬರುವ ಹಾಗೆ ಮಾಡುತ್ತೇನೆ.

ಬಟ್ಟೆ ಸರಿಸಿ ಪ್ಲಗ್ ಹಾಕು ಅಮ್ಮ. ಅಪ್ಪನ ಬೆರಳು ತಲುಪುವ ತನಕ ಕಾದಿರು.

ಬಾಗಿಲ ಬಳಿ ನಿಂತೇ ಎಲ್ಲ ನೋಡುವ,
ನಿನ್ನ ಮಗಳು

ಮರೆತ ಮಾತು: ಇನ್ನು ಮೇಲೆ ಆಫೀಸಿನ ವಿಳಾಸಕ್ಕೆ ಬರೆಯಬೇಡ, ರೂಮಿನ ವಿಳಾಸಕ್ಕೇ ಬರೆ. ಭಾನುವಾರ ಬರುತ್ತೇನೆ. ಸೋಮವಾರ ಡಾಕ್ಟರು ಬಂದಾಗಲೂ ಇರುತ್ತೇನೆ. ಕೆಲಸಕ್ಕೆಂದು ಬೆಳಗಿನ ಬಸ್ಸಿಗೆ ಓಡುವ ಅವಸರ ಈ ಸಲ ಇರುವುದಿಲ್ಲ.