ಹಳದಿ ತಂತಿಯನ್ನು ಅಳೆಯದ ದಿನ

ಕುರುಬರಹಳ್ಳಿ
ನವೆಂಬರ್ ೨೦೦೮

ಪ್ರೀತಿಯ ನೀಲಮ್ಮನವರಿಗೆ,

ಕಂಪ್ಯೂಟರ್ ರಿಪೇರಿ ಅಂಗಡಿಯ ವತ್ಸಲಾ ಮಾಡುವ ನಮಸ್ಕಾರ. ಬಸವೇಶ್ವರನಗರದ ನಿಮ್ಮ ಮನೆ ನನ್ನ ಅಂಗಡಿಯಿಂದ ನಡೆದರೆ ಕಾಲು ಗಂಟೆ. ಅಷ್ಟು ಹತ್ತಿರವಿದ್ದೂ ಕಾಗದ ಬರೆದು ಅಂಚೆಗೆ ಹಾಕುತ್ತಿದ್ದೇನೆ ಎಂದರೆ ನನ್ನ ಧೈರ್ಯ ಎಷ್ಟೆಂದು ನಿಮಗೇ ಗೊತ್ತಾಗುತ್ತದೆ. ಎರಡು ಸಲ ನಿಮ್ಮ ಗೇಟಿನ ತನಕ ಬಂದು ವಾಪಸ್ಸಾದೆ.

ಹೋದ ಸೋಮವಾರ ಬಸ್ ಸ್ಟಾಪಿನಲ್ಲಿ ಸಿಕ್ಕಾಗ ನೀವು ನನ್ನ ಕೈ ಹಿಡಿದುಕೊಂಡು ಮಗಳ ವಿಷಯ ಹೇಳಿದಿರಿ: "ಹೇಮಾ ಮನೆಗೆ ಬಂದು ನಾಲ್ಕು ವರ್ಷ ಆಯ್ತು ಕಣಮ್ಮ. ಅಪ್ಪನ ದನಿ ಕಳೆದವಳು ನೀನೇ ಅಂತ ನನ್ನನ್ನ ಬೈತಾಳೆ. ಅವಳು ಹೇಳೋದೂ ಸರಿನೇ. ಆವತ್ತು ಕರೆಂಟ್ ಹೋದಾಗ ನಾನು ಸ್ವಿಚ್ ಆರ್ಸಿದ್ರೆ ಆಗ್ತಿತ್ತು." ಆಮೇಲೆ, "ಪಾಪ, ನೀನಾದ್ರೂ ಎಷ್ಟು ಒದ್ದಾಡಿದೆ" ಎಂದು ನನಗೇ ಸಮಾಧಾನ ಹೇಳಿ ಬಸ್ಸು ಹತ್ತಿದಿರಿ. ನಾನು ಹತ್ತಬೇಕಾದ ಬಸ್ಸು ಮೂರು ಬಂದು ಹೋದವು. ನಾನು ಅಲ್ಲೇ ನಿಂತಿದ್ದೆ.

ನೀಲಮ್ಮನವರೇ, ಆ ದನಿ ನಿಮ್ಮಿಂದ ಹೋಗಲಿಲ್ಲ. ಸುಟ್ಟವಳು ನಾನು.

ನಿಮ್ಮ ಯಜಮಾನರು ಸೋಮಲಿಂಗಪ್ಪ ಮೇಷ್ಟ್ರು ಮೈಕು ಕೊಳ್ಳಲು ನನ್ನ ಅಂಗಡಿಗೆ ಬಂದದ್ದು ಇನ್ನೂ ಕಣ್ಣಿಗೆ ಕಟ್ಟಿದಂತಿದೆ. ಗಂಟಲಿನ ಆಪರೇಷನ್ನಿಗೆ ಹತ್ತು ದಿನ ಬಾಕಿ. ಧ್ವನಿಪೆಟ್ಟಿಗೆಯನ್ನೇ ತೆಗೆಯುತ್ತಾರೆಂದು ಡಾಕ್ಟರು ಹೇಳಿಬಿಟ್ಟಿದ್ದರು. "ಆಮೇಲೆ ಬೇಕಾಗೋ ಮಾತನ್ನೆಲ್ಲ ಈಗ್ಲೇ ಕಂಪ್ಯೂಟರಿಗೆ ತುಂಬಿಸಿ ಇಟ್ಕೋತೀನಮ್ಮ" ಎಂದು ನಕ್ಕರು. ತುಂಬಿಸಿಯೇಬಿಟ್ಟರಲ್ಲ, ಅರವತ್ತೋ ಎಪ್ಪತ್ತೋ ಮಾತು! ನೀಲಾ ಕಾಫಿ ಕೊಡು, ಫ್ಯಾನ್ ಆರಿಸು, ಹೇಮಾ ಫೋನ್ ಮಾಡಿದ್ಲಾ, ಸಾರಿಗೆ ಉಪ್ಪು ಜಾಸ್ತಿ. ಮೌಸ್ ಒತ್ತಿದರೆ ಸ್ಪೀಕರಿನಲ್ಲಿ ಅವರ ದನಿ. "ಗಂಟಲು ಹೋದ್ರೂ ಉಪ್ಪಿಂದು ಬಿಡ್ಲಿಲ್ಲ ನೋಡು" ಎಂದು ನೀವು ನನ್ನ ಹತ್ತಿರ ದೂರುತ್ತಿದ್ದಿರಿ. ಒಂದು ವರ್ಷ ಹಾಗೇ ಸಂಸಾರ ನಡೆಯಿತು. ಅವರು ಹೋದ ಮೇಲೆ ದಿನಾ ಸಂಜೆ ದೀಪ ಹಚ್ಚಿ, ಆ ಮಾತುಗಳನ್ನು ಒಂದೊಂದಾಗಿ ಕೇಳುತ್ತೀರೆಂದು ನೀವೇ ಹೇಳಿದ್ದಿರಿ.

ನಾಲ್ಕು ವರ್ಷದ ಹಿಂದೆ ಆ ಕಂಪ್ಯೂಟರು ಅರ್ಧ ಮಾತಿನಲ್ಲೇ ನಿಂತು ಮತ್ತೆ ಮತ್ತೆ ಮೊದಲಿನಿಂದ ಶುರುವಾಗತೊಡಗಿದಾಗ ನೀವು ಅದನ್ನು ಆಟೋದಲ್ಲಿ ತೊಡೆಯ ಮೇಲಿಟ್ಟುಕೊಂಡು ತಂದಿರಿ. "ಹುಷಾರು ತಾಯಿ, ಒಳಗೆ ಅವರಿದ್ದಾರೆ" ಎಂದಿರಿ. ಅಂಗಡಿಯಲ್ಲಿ ಬಿಟ್ಟು ಸಂಜೆ ಬರುತ್ತೇನೆಂದು ಹೋದಿರಿ.

ರೋಗ ದೊಡ್ಡದಾಗಿರಲಿಲ್ಲ. ಕಂಪ್ಯೂಟರಿಗೆ ಕರೆಂಟು ಹಂಚುವ ಡಬ್ಬಿ ಇರುತ್ತದಲ್ಲ, ಪವರ್ ಸಪ್ಲೈ, ಅದು ಸೋತಿತ್ತು. ಬಿಚ್ಚಿ, ನನ್ನ ತಲೆಪಿನ್ನನ್ನೇ ಹಸಿರು ತಂತಿಗೂ ಕಪ್ಪು ತಂತಿಗೂ ಸಿಕ್ಕಿಸಿ ಚಾಲೂ ಮಾಡಿ, ಕರೆಂಟು ಎಳೆಯಲು ಒಂದು ಬಲ್ಬು ಕೊಟ್ಟು ಮೀಟರು ಹಿಡಿದೆ. ಕೆಂಪು ತಂತಿಯಲ್ಲಿ ಐದು ವೋಲ್ಟ್ ಇರಬೇಕು, ನಾಲ್ಕೂವರೆ ಇತ್ತು. ಒಳಗೆ ಕರೆಂಟು ಹಿಡಿದಿಡುವ ಎರಡು ಕೆಪಾಸಿಟರುಗಳು ಕೆಟ್ಟು ನೆತ್ತಿ ಉಬ್ಬಿತ್ತು. ಅವನ್ನು ಕಿತ್ತು ಹೊಸವನ್ನು ಹಾಕಬೇಕಿತ್ತು. ಒಂದು ಗಂಟೆಯ ಕೆಲಸ.

ಅಷ್ಟರಲ್ಲಿ ಒಬ್ಬ ಮನುಷ್ಯ ಬಂದ. ಕೈಯಲ್ಲಿ ಸೋಲ್ಡರಿಂಗ್ ಕಡ್ಡಿ ಹಿಡಿದು ಕೂತ ನನ್ನನ್ನು ದಾಟಿ ಒಳಗೆ ಕಣ್ಣು ಹಾಯಿಸಿ, "ರಿಪೇರಿಯವ್ರು ಯಾರೂ ಇಲ್ವಾ ಮೇಡಂ?" ಎಂದ. ಅಂಗಡಿ ತೆರೆದ ದಿನದಿಂದ ಕೇಳಿ ಕೇಳಿ ಸಾಕಾಗಿದ್ದ ಪ್ರಶ್ನೆ. ಆವತ್ತು ಯಾಕೋ ಮೈಯೆಲ್ಲ ಉರಿಯಿತು. "ನಾನೇ ಸಾರ್" ಎಂದೆ. "ಹೌದಾ" ಎಂದು ಅವನು ಕೈಕಟ್ಟಿ ನೋಡುತ್ತಾ ನಿಂತ. ಎರಡೇ ನಿಮಿಷದಲ್ಲಿ ತೋರಿಸುತ್ತೇನೆ ಇವನಿಗೆ ಎಂಬ ಹಟ ಬಂತು ನನಗೆ. ಆ ಡಬ್ಬಿಯೊಳಗೆ ವೋಲ್ಟೇಜು ಏರಿಸಿ ಇಳಿಸುವ ಕಾಳಿನಷ್ಟು ಚಿಕ್ಕ ತಿರುಪು ಒಂದಿದೆ. ಅದನ್ನು ತಿರುಗಿಸಿದೆ. ಕೆಂಪು ತಂತಿ ಐದಕ್ಕೆ ಬಂತು. "ನೋಡಿ ಸಾರ್, ಆಯ್ತು" ಎಂದು ಬೀಗಿದೆ.

ಅದೇ ತಿರುಪು ಹಳದಿ ತಂತಿಯನ್ನೂ ಏರಿಸುತ್ತದೆ. ಮೇಷ್ಟ್ರ ದನಿ ಕೂಡಿಟ್ಟಿದ್ದ ಹಾರ್ಡ್ ಡಿಸ್ಕನ್ನು ತಿರುಗಿಸುವುದು ಹಳದಿ ತಂತಿಯ ಕರೆಂಟು. ಅಲ್ಲಿ ಹನ್ನೆರಡು ವೋಲ್ಟ್ ಇರಬೇಕು. ಇದು ನನಗೆ ಗೊತ್ತಿಲ್ಲದ ವಿಷಯವಲ್ಲ. ಅಳೆಯಲು ಅರ್ಧ ನಿಮಿಷವೂ ಬೇಡ. ಅಳೆಯದೆಯೇ ನಿಮ್ಮ ಡಿಸ್ಕಿಗೆ ಜೋಡಿಸಿದೆ.

ಐದು ನಿಮಿಷ ಕಂಪ್ಯೂಟರು ಚೆನ್ನಾಗಿಯೇ ಓಡಿತು. ಆ ಮನುಷ್ಯ ಹೊರಟುಹೋದ. ಆಮೇಲೆ ಸುಟ್ಟ ವಾಸನೆ ಬಂತು. ಗಾಬರಿಯಿಂದ ಹಳದಿಗೆ ಮೀಟರು ಹಿಡಿದರೆ ಹದಿನಾಲ್ಕು ದಾಟಿತ್ತು. ಬಿಡಿಭಾಗ ಸಿಗುವ ಎಸ್.ಪಿ. ರೋಡಿಗೆ ಓಡಿ ಅದೇ ಕಂಪನಿಯ ಡಿಸ್ಕಿನ ಬೋರ್ಡು ತಂದು ಹಾಕಿದೆ. ಟಿಕ್ ಟಿಕ್ ಎಂದಿತೇ ಹೊರತು ಏನೂ ತೆರೆದುಕೊಳ್ಳಲಿಲ್ಲ.

ಸಂಜೆ ನೀವು ಬಂದಿರಿ. ನಾನು ಕೇಳಿದೆ: "ಕರೆಂಟ್ ಹೋಗಿ ಬಂದಾಗ ಸ್ವಿಚ್ ಹಾಗೇ ಬಿಟ್ಟಿದ್ರಾ ಅಮ್ಮ?" ಈ ಊರಿನಲ್ಲಿ ಕರೆಂಟು ಹೋಗದ ಮನೆ ಯಾವುದು, ಹೋದಾಗೆಲ್ಲ ಎದ್ದು ಸ್ವಿಚ್ ಆರಿಸುವವರು ಯಾರು! ನೀವು ಯೋಚಿಸಿ, "ಹೌದಲ್ವಾ, ಬಿಟ್ಟಿದ್ದೆ" ಎಂದಿರಿ. "ಅದಕ್ಕೇ ನೋಡಿ. ಇಲ್ಲಿಗೆ ತರೋ ಹೊತ್ತಿಗೇ ಡಿಸ್ಕ್ ಹೋಗಿತ್ತು" ಎಂದುಬಿಟ್ಟೆ. ನೀವು ಸ್ಟೂಲಿನ ಮೇಲೆ ಕೂತು ಕುಡಿಯಲು ನೀರು ಕೇಳಿದಿರಿ.

ಹೆಂಗಸಿನ ಕೈಗೆ ಕೊಟ್ಟರೆ ಹೀಗೇ ಎಂದು ಜನ ಆಡಿಕೊಂಡಾರು, ಅಂಗಡಿ ಮುಚ್ಚಬೇಕಾದೀತು ಎಂದು ಹೆದರಿದೆ. ಆ ವರ್ಷದ ದೀಪಾವಳಿಗೆ ದಾವಣಗೆರೆಯಿಂದ ಹೇಮಶ್ರೀ ಬಂದು ಆ ದನಿಯನ್ನು ಸಿಡಿಗೆ ಹಾಕಿಸಿಕೊಳ್ಳುವವಳಿದ್ದಳೆಂದು ನನಗೆ ತಿಳಿದದ್ದು ಹೋದ ಸೋಮವಾರ, ನಿಮ್ಮ ಬಾಯಿಂದಲೇ. ನನ್ನ ಮಾನ ಉಳಿಸಿಕೊಳ್ಳಲು ನಿಮ್ಮ ಮಗಳನ್ನೇ ನಿಮ್ಮಿಂದ ದೂರ ಮಾಡಿದೆ. ಈ ನಾಲ್ಕು ವರ್ಷವನ್ನು ನಾನು ಎಲ್ಲಿಂದ ತಂದುಕೊಡಲಿ ನೀಲಮ್ಮನವರೇ?

ಈ ಕಾಗದದ ಇನ್ನೊಂದು ಪ್ರತಿ ಲಕೋಟೆಯಲ್ಲಿದೆ. ದಯವಿಟ್ಟು ಅದನ್ನು ಹೇಮಶ್ರೀಗೆ ಕಳಿಸಿ. ಅದರ ಹಿಂಬದಿಯಲ್ಲಿ ಅಂಗಡಿಯ ಫೋನ್ ನಂಬರು ಬರೆದಿದ್ದೇನೆ. ಅವಳು ಎಷ್ಟು ಬೈದರೂ ಕೇಳಿಸಿಕೊಳ್ಳುತ್ತೇನೆ. ಆ ಸಿಟ್ಟು ನನ್ನ ಪಾಲಿನದು, ನಿಮ್ಮದಲ್ಲ.

ಇನ್ನೊಂದು ವಿಷಯವನ್ನೂ ಮುಚ್ಚಿಟ್ಟಿದ್ದೇನೆ. ಅದನ್ನು ಹೇಳಿದ್ದರೆ, ಡಿಸ್ಕು ನನ್ನ ಮೇಜಿನ ಮೇಲೆ ಜೀವಂತವಾಗಿತ್ತೆಂದು ನಿಮಗೆ ತಿಳಿದುಬಿಡುತ್ತಿತ್ತು. ಆ ಐದು ನಿಮಿಷದಲ್ಲಿ ಸ್ಪೀಕರು ಪರೀಕ್ಷಿಸಲು ನಾನು ಒಂದು ಫೈಲು ತೆರೆದಿದ್ದೆ. ಮೇಷ್ಟ್ರ ದನಿಯನ್ನು ಕೊನೆಯ ಸಲ ಕೇಳಿದವಳು ನಾನು. ಆ ಫೈಲನ್ನು ನೀವು ನೂರು ಸಲ ಕೇಳಿದ್ದೀರೋ, ಕೆಟ್ಟ ರೆಕಾರ್ಡಿಂಗ್ ಎಂದು ಬಿಟ್ಟಿದ್ದೀರೋ ತಿಳಿಯದು. ಒಂದಕ್ಷರ ಸೇರಿಸದೆ, ಒಂದಕ್ಷರ ಬಿಡದೆ ಬರೆಯುತ್ತೇನೆ.

ಮೊದಲು ಕುಕ್ಕರ್ ಕೂಗಿತು. ಮೇಷ್ಟ್ರು ಗಂಟಲು ಸರಿ ಮಾಡಿಕೊಂಡು, "ನೀಲಾ, ಬಾಗ್ಲು ಹಾಕ್ಕೋ, ವಾಕಿಂಗ್ ಹೊರಟೆ" ಎಂದರು. ಅಷ್ಟರಲ್ಲಿ ಅಡುಗೆಮನೆಯಿಂದ ನಿಮ್ಮ ದನಿ: "ಯಾರ ಜೊತೆ ಮಾತಾಡ್ತಿದೀರ್ರೀ?" ಅವರು ನಕ್ಕರು.

"ನಿನ್ನ ಜೊತೇನೇ ಕಣೇ. ಮುಂದಿನ ವರ್ಷದ ಮಾತು."

ನಿಮ್ಮ ಮಗಳು ಬೇಗ ನಿಮ್ಮ ಮನೆಗೆ ಬರಲಿ ಎಂದು ಬೇಡಿಕೊಳ್ಳುತ್ತಾ,

ನೀವು ನಂಬಿ ಕೊಟ್ಟದ್ದನ್ನು ಉಳಿಸಿಕೊಡದ
ವತ್ಸಲಾ